ಬೂದ ಮಲಗುತ್ತಿದ್ದ ಜಾಗ

ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ನೀರು ಹಾಕಿದೆ. ನಲ್ಲಿ ಬರುವ ದಿನವಾದ್ದರಿಂದ ತೊಟ್ಟಿ, ಡ್ರಮ್ಮು, ಕೊಡಗಳನ್ನೆಲ್ಲ ತುಂಬಿಸಿಟ್ಟೆ. ಅವ್ವನಿಗೆ ಸ್ನಾನಕ್ಕೆ ನೀರು ಕಾಯಿಸಿಕೊಟ್ಟು ಮಂಡಕ್ಕಿ ಒಗ್ಗರಣೆ ಮಾಡಿದೆ, ನಮ್ಮನೆಯವರಿಗೆ ಊಟದ ಡಬ್ಬಿ ಕಟ್ಟಿದೆ. ಬಿಸಿಲು ಏರುವ ಮೊದಲೇ ಶೇಂಗಾ ಹುರಿದು, ಸಿಪ್ಪೆ ಕೇರಿ, ಚಟ್ನಿಪುಡಿಗೆಂದು ಎತ್ತಿಟ್ಟೆ. ಬಟ್ಟೆ ಒಗೆದು ಹರವಿದೆ. ಆಮೇಲೆ ಕೈ ತೊಳೆದುಕೊಂಡು ಬಂದು ಚುಕ್ಕಿಯ ಮುಂಗಾಲಿನ ಪಟ್ಟಿ ಬಿಚ್ಚಿ, ಪರೀಕ್ಷೆಗೆಂದು ಚೂರು ತೆಗೆದ ಗಾಯಕ್ಕೆ ಟಿಂಚರು ಹಚ್ಚಿ, ಹೊಸ ಪಟ್ಟಿ ಕಟ್ಟಿದೆ. ದಿನದ ಕೆಲಸಗಳ ಸಾಲಿಗೆ ಈಚೆಗೆ ಸೇರಿಕೊಂಡದ್ದು ಇದು. ಮಾಡದೆ ಉಳಿದದ್ದು ಒಂದೇ ಕೆಲಸ. ದನದ ಆಸ್ಪತ್ರೆಯ ಡಾಕ್ಟರಿಗೆ ಸಂಜೆಯೊಳಗೆ ಫೋನು ಮಾಡಿ ಹೂಂ ಅನ್ನಬೇಕಿತ್ತು, ಇಲ್ಲವೇ ಬೇಡ ಅನ್ನಬೇಕಿತ್ತು.

ಚುಕ್ಕಿ ನಮ್ಮ ನಾಯಿ. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಬಿಳಿಯ ಬೊಟ್ಟು. ಚಳ್ಳಕೆರೆಯ ನಮ್ಮ ಬೀದಿಯ ಚರಂಡಿ ಪಕ್ಕದಲ್ಲಿ ಹುಟ್ಟಿದ ಮರಿಯನ್ನು ನಮ್ಮನೆಯವರು ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದರು. ಅವರದು ಪಂಪ್‌ಸೆಟ್ಟಿನ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ. ಬೆಳಿಗ್ಗೆ ಅವರು ಸ್ಕೂಟರಿನ ಬೀಗದ ಕೈ ತೆಗೆದುಕೊಂಡ ಸದ್ದಾದರೆ ಸಾಕು, ಚುಕ್ಕಿ ಓಡಿಹೋಗಿ ಕಾಲಿಡುವ ಜಾಗದಲ್ಲಿ ಹತ್ತಿ ನಿಲ್ಲುತ್ತಿದ್ದಳು. ಅವರ ಎರಡು ಮೊಣಕಾಲುಗಳ ನಡುವೆ ಮುಂಗಾಲೂರಿ, ಮೂತಿಯನ್ನು ಗಾಳಿಗೆ ಚಾಚಿ ಹೊರಟಳೆಂದರೆ ಎಣ್ಣೆ ಮಿಲ್ಲಿನ ರಸ್ತೆಯವರೆಲ್ಲ ನಗುತ್ತಿದ್ದರು. ಅಲ್ಲೊಬ್ಬ ಹಣ್ಣಿನ ಗಾಡಿಯವನು ದಿನವೂ, ‘ಮೇಡಂ ಬಂದ್ರು, ಡ್ರೈವರ್‌ನೂ ಕರ್ಕೊಂಡು ಬಂದವ್ರೆ’ ಎಂದು ನಮ್ಮನೆಯವರನ್ನು ಛೇಡಿಸುವನು. ಹೀಗಿದ್ದವಳು ಬೇಸಿಗೆಯಲ್ಲಿ ಕುಂಟತೊಡಗಿದಳು. ಮುಳ್ಳು ಚುಚ್ಚಿರಬೇಕು ಎಂದುಕೊಂಡೆವು. ಕಾಲು ಊದಿತು. ಎಕ್ಸ್‌ರೇ ಆಯಿತು, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೂ ಆಯಿತು. ಮೂಳೆಯ ಕ್ಯಾನ್ಸರ್ ಎಂದರು.

ಡಾಕ್ಟರು ಒಳ್ಳೆಯ ಮನುಷ್ಯರು, ಏನನ್ನೂ ಮುಚ್ಚಿಡಲಿಲ್ಲ. ಬೆಂಗಳೂರಿಗೆ ಕರೆದೊಯ್ದರೆ ಆ ಕಾಲನ್ನು ಭುಜದಿಂದಲೇ ತೆಗೆಯುತ್ತಾರೆ, ಕಾಲಿನ ಜೊತೆ ಅಲ್ಲಿಯ ನೋವೂ ಹೋಗುತ್ತದೆ. ಆಮೇಲೆ ವಾರಗಳ ಅಂತರದಲ್ಲಿ ಔಷಧಿ ಏರಿಸಬೇಕು, ಪ್ರತಿ ಸಲವೂ ಅವಳನ್ನು ಅಲ್ಲಿಯ ಗೂಡಿನಲ್ಲಿ ಬಿಟ್ಟಿರಬೇಕಾಗುತ್ತದೆ. ಎದೆಯ ಫೋಟೋದಲ್ಲಿ ಏನೋ ನೆರಳಿನಂಥದ್ದು ಕಾಣುತ್ತಿದೆ, ರೋಗ ಅಲ್ಲಿಗೂ ಹೋಗಿರಬಹುದು, ಹೋಗದೆಯೂ ಇರಬಹುದು. ಬೇಡವೆಂದರೆ ನೋವಿನ ಮಾತ್ರೆ ಕೊಡುತ್ತಾ ಇರಬಹುದು. ಆದರೆ ಮೂಳೆ ಒಳಗಿಂದ ಪೊಳ್ಳಾಗಿದೆ, ಒಂದು ದಿನ ಮುರಿಯುತ್ತದೆ, ಆವತ್ತು ಮತ್ತೆ ಏಳದಂತೆ ಮಲಗಿಸುವ ಇಂಜೆಕ್ಷನ್ನಿಗೆ ತಯಾರಿರಬೇಕು. ಇಷ್ಟನ್ನೂ ಹೇಳಿ ಅವರು ನಮ್ಮಿಬ್ಬರ ಮುಖ ನೋಡಿದರು. ನಮ್ಮನೆಯವರು ನನ್ನ ಮುಖ ನೋಡಿದರು. ಮನೆಗೆ ಬಂದು ಚಪ್ಪಲಿ ಬಿಡುವಾಗ, ‘ಮಾಡ್ಸಾನ ಅಂದ್ರೆ ಮಾಡ್ಸಾನ, ಬ್ಯಾಡ ಅಂದ್ರೆ ಬ್ಯಾಡ. ನೀನು ಹೆಂಗಂತೀಯೋ ಹಂಗೆ’ ಎಂದರು. ಪ್ರೀತಿಯಿಂದಲೇ ಅಂದ ಮಾತು. ಆದರೂ ನನಗೆ ಯಾರೋ ನನ್ನನ್ನು ಕೋಣೆಯೊಳಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿಕೊಂಡಂತೆ ಕೇಳಿಸಿತು. ಅಂದಿನಿಂದ ಇಂದಿನವರೆಗೂ ನಾನು ಅದೇ ಕೋಣೆಯಲ್ಲಿದ್ದೇನೆ. ಹುಳಿಗೆ ಬೇಳೆ ಹಾಕುವಾಗಲೂ ಅಲ್ಲಿಯೇ, ಒಲೆ ಒರೆಸುವಾಗಲೂ ಅಲ್ಲಿಯೇ.

ಇವತ್ತು ಟಿಂಚರಿನ ಬಾಟಲಿಯ ಮುಚ್ಚಳ ತೆಗೆದಾಗ ಆ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಇನ್ನೊಂದು ವಾಸನೆ ಬಂತು, ಅದು ಈ ಮನೆಯದಲ್ಲ. ಹಸಿ ರೇಷ್ಮೆಯ ವಾಸನೆ, ತಂಪು ಹಿಡಿದ ಮಣ್ಣಿನ ವಾಸನೆ. ಮೊಳಕಾಲ್ಮುರಿನಲ್ಲಿ ನಾನು ಹುಟ್ಟಿ ಬೆಳೆದ ಮನೆಯ ಮುಂದಿನ ಕೋಣೆ ಅದು. ಉದ್ದಕ್ಕೆ, ಕಿರಿದಾಗಿ, ಬಾಗಿಲಿಂದ ಹಿತ್ತಿಲಿನವರೆಗೆ ಒಂದೇ ನೇರಕ್ಕಿದ್ದ ಮನೆ. ಅದರ ಮುಂಗೋಣೆಯ ತುಂಬ ಮಗ್ಗ. ನೆಲದಲ್ಲಿ ಸೊಂಟದಾಳದ ಗುಂಡಿ, ಆ ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡು ಅಂಚಿನ ಮೇಲೆ ಕೂತು ಅಪ್ಪ ಸೀರೆ ನೇಯುತ್ತಿದ್ದರು. ಕಾಲ ಕೆಳಗೆ ತುಳಿಯುವ ಹಲಗೆಗಳು, ಎದೆಯ ಮುಂದೆ ಬಿಗಿದ ಎಳೆಗಳು, ಹೆಂಚಿನ ನಡುವಿನ ಗಾಜಿನಿಂದ ಆ ಎಳೆಗಳ ಮೇಲೆ ಬೀಳುತ್ತಿದ್ದ ಒಂದು ಚೌಕ ಬೆಳಕು. ಮೂಲೆಯಲ್ಲಿ ಅಜ್ಜಿ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಅವಳ ರಾಟೆಯ ಗುಂಯ್‌ಗುಟ್ಟುವಿಕೆ, ಅಪ್ಪನ ಮಗ್ಗದ ಟಕ್ ಟಕ್, ಎರಡೂ ನಿಂತರೆ ಮಾತ್ರ ನಮಗೆ ಸದ್ದು ಕೇಳಿದಂತಾಗುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಸದ್ದು ಇದ್ದಿರಬೇಕು. ಇದ್ದಾಗ ಯಾರೂ ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಒಂದು ಬೇಸಿಗೆಯಲ್ಲಿ, ಸುತ್ತಲಿನ ಬಂಡೆಗುಡ್ಡಗಳೆಲ್ಲ ಕಾದು ಊರಿನ ಮೇಲೆ ಕಾವು ಸುರಿಯುತ್ತಿದ್ದಾಗ, ಬೂದಿ ಬಣ್ಣದ ಒಂದು ನಾಯಿ ತೆರೆದ ಬಾಗಿಲಿನಿಂದ ನೇರ ಒಳಗೆ ಬಂದು, ಯಾರನ್ನೂ ನೋಡದೆ, ಮಗ್ಗದ ಗುಂಡಿಗೆ ಇಳಿದು ಅಪ್ಪನ ಎಡಗಾಲಿನ ಪಕ್ಕದಲ್ಲಿ ಸುರುಳಿ ಸುತ್ತಿ ಮಲಗಿಬಿಟ್ಟಿತು. ಇಡೀ ಮನೆಯಲ್ಲಿ ತಂಪಾದ ಜಾಗ ಅದೊಂದೇ ಎಂದು ಅದಕ್ಕೆ ಹೇಗೆ ತಿಳಿಯಿತೋ. ಅಜ್ಜಿ ಕಿಡಿಕಿಡಿಯಾದಳು. ಮಗ್ಗ ಅಂದರೆ ದೇವರು, ಹೊಸ ಸೀರೆಗೆ ಹಾಸಿನ ಎಳೆ ಹೂಡುವಾಗ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುವ ಜಾಗ, ದೇವರ ಹೊಟ್ಟೆಯಲ್ಲಿ ನಾಯಿ ಮಲಗಿಸುತ್ತಾರೇನೋ ಎಂದು ಬೈದಳು. ಅಪ್ಪ ಲಾಳಿ ಎಸೆಯುವುದನ್ನು ನಿಲ್ಲಿಸದೆ, ‘ಕೂಲಿ ಕೇಳಲ್ಲ, ಚಾ ಕೇಳಲ್ಲ, ಬೀಡಿನೂ ಕೇಳಲ್ಲ. ಇಂಥ ಜೊತೆಗಾರ ಎಲ್ಲಿ ಸಿಗ್ತಾನೆ ಬಿಡಬೇ’ ಎಂದರು. ಬೂದ ಎಂದು ಹೆಸರಾಯಿತು. ಹೊತ್ತು ಹುಟ್ಟಿದಾಗ ಅಪ್ಪ ಗುಂಡಿಗೆ ಕಾಲು ಇಳಿಸಿದರೆ ಬೂದನೂ ಇಳಿಯುವುದು, ಅಪ್ಪ ಎದ್ದರೆ ಅದೂ ಏಳುವುದು. ಎಡಗಡೆಯ ಹಲಗೆಯನ್ನು ತುಳಿಯುವಾಗಲೆಲ್ಲ ಅಪ್ಪನ ಪಾದ ಬೂದನ ಬೆನ್ನು ಬಳಸಿ, ಸ್ವಲ್ಪ ಸುತ್ತಿ ಹೋಗಿ ತುಳಿಯುತ್ತಿತ್ತು. ವರ್ಷಗಟ್ಟಲೆ ಹಾಗೆಯೇ. ನಾನು ಹೊಟ್ಟೆಯ ಮೇಲೆ ಮಲಗಿ ಗುಂಡಿಯೊಳಗೆ ಇಣುಕಿ, ಅಪ್ಪನ ಕಾಲೂ ಬೂದನ ಉಸಿರೂ ಒಂದಕ್ಕೊಂದು ದಾರಿ ಬಿಟ್ಟುಕೊಡುವುದನ್ನು ನೋಡುತ್ತಿದ್ದೆ.

ಬೂದನ ಕುತ್ತಿಗೆಯ ಕೆಳಗೆ ಗಂಟು ಕಂಡಾಗ ನಾನು ಹೈಸ್ಕೂಲಿಗೆ ಸೇರಿದ್ದೆ. ದನದ ಆಸ್ಪತ್ರೆಯ ಡಾಕ್ಟರು ಎತ್ತು ಕುರಿಗಳ ನಡುವೆ ನಮ್ಮ ನಾಯಿಯನ್ನು ನೋಡಿ ಮೊದಲು ನಕ್ಕರು, ಗಂಟನ್ನು ಮುಟ್ಟಿದ ಮೇಲೆ ನಗಲಿಲ್ಲ. ಕ್ಯಾನ್ಸರ್ ಎಂಬ ಮಾತು ನಮ್ಮ ಮನೆಯೊಳಗೆ ಬಂದದ್ದು ಆವತ್ತೇ ಮೊದಲು. ಕುಯ್ದು ತೆಗೆಯುತ್ತೇನೆ, ಮತ್ತೆ ಬರುವುದಿಲ್ಲ ಅಂತ ಹೇಳಲಾರೆ, ಆದರೆ ಗಾಯ ಮಾಯುವವರೆಗೆ ಬೀದಿಗೆ ಬಿಡಬಾರದು, ಧೂಳು ನೊಣ ಸೋಕದ ಜಾಗದಲ್ಲಿ ಕಟ್ಟಿಹಾಕಬೇಕು ಎಂದರು. ಅಪ್ಪ ತಲೆಯಾಡಿಸಿ ಬಂದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು. ನಮ್ಮ ಬೀದಿಯ ಮಗ್ಗದ ಮನೆಗಳಲ್ಲಿ ಒಂದು ಕ್ರಮವಿತ್ತು. ಸೀರೆ ಕೊಯ್ದು ಮಗ್ಗದಿಂದ ಇಳಿಸುವವರೆಗೆ ಬೇರೆ ಯಾವ ದೊಡ್ಡ ಮಾತನ್ನೂ ಎತ್ತುತ್ತಿರಲಿಲ್ಲ. ಹೆಣ್ಣು ನೋಡುವುದಿರಲಿ, ಸೂರು ಹೊದಿಸುವುದಿರಲಿ, ಪಾಲು ಹಂಚುವುದೇ ಇರಲಿ, ಎಲ್ಲಕ್ಕೂ ‘ಸೀರೆ ಕೊಯ್ಯಾನ, ಆಮ್ಯಾಕೆ’ ಎನ್ನುವುದೇ ಉತ್ತರ. ಮನಸ್ಸು ಚಂಚಲವಾದರೆ ಎಳೆ ತಪ್ಪುತ್ತದೆ ಎಂದು ಹಿರಿಯರು ಮಾಡಿಟ್ಟ ಕ್ರಮ. ಬೂದನ ಮಾತೂ ಅದೇ ಸಾಲಿಗೆ ಸೇರಿತು. ಅಪ್ಪ ನೇಯುತ್ತಾ ಹೋದರು, ಕಾಲ ಬುಡದಲ್ಲಿ ಗಂಟು ಬೆಳೆಯುತ್ತಾ ಹೋಯಿತು. ಸೀರೆ ಬೇಗ ಮುಗಿಯಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ, ಮುಗಿದರೆ ಕುಯ್ಯುತ್ತಾರಲ್ಲ ಎಂದು ಮತ್ತೆ ಅದೇ ಬಾಯಲ್ಲಿ ಬೇಡವೆಂದೂ ಬೇಡಿಕೊಳ್ಳುತ್ತಿದ್ದೆ.

ಸೀರೆ ಕೊಯ್ದ ದಿನ ಅಪ್ಪ ಅಂಗಿ ತೊಟ್ಟುಕೊಂಡು, ಬೂದನಿಗೆ ಹಗ್ಗ ಹಾಕಿ ಹೊರಟು ನಿಂತರು. ಅಜ್ಜಿ ರಾಯದುರ್ಗದ ಕಡೆಯವಳು, ಸಿಟ್ಟು ಬಂದಾಗಲೂ ಮನಸ್ಸು ಕರಗಿದಾಗಲೂ ತೆಲುಗಿಗೇ ಹೋಗುತ್ತಿದ್ದಳು. ರಾಟೆ ನಿಲ್ಲಿಸಿ, ‘ದಾನ್ನಿ ಅಡಿಗಾವಾ?’ ಎಂದಳು. ಅದನ್ನು ಕೇಳಿದೆಯೇನೋ ಎಂದು. ಅಪ್ಪ ನಗಲು ನೋಡಿದರು, ಆಗಲಿಲ್ಲ. ‘ಕೇಳಿದ್ರೆ ಹೇಳಂಗಿದ್ರೆ ಕೇಳ್ತಿದ್ನಲ್ಲಬೇ’ ಎಂದು ಬಾಗಿಲು ದಾಟಿದರು.

ಕುಯ್ದದ್ದು ಚೆನ್ನಾಗಿಯೇ ಆಯಿತು. ಆದರೆ ಧೂಳು ನೊಣ ಸೋಕದ ಜಾಗ ನಮ್ಮ ಮನೆಯಲ್ಲಿ ಎಲ್ಲಿತ್ತು? ಗುಂಡಿಯೊಂದೇ. ಅಪ್ಪ ಗುಂಡಿಯ ತಳಕ್ಕೆ ಹಳೆಯ ಕಂಬಳಿ ಹಾಸಿ, ಮಗ್ಗದ ಕಂಬಕ್ಕೆ ಗಿಡ್ಡ ಹಗ್ಗ ಬಿಗಿದು ಬೂದನನ್ನು ಅಲ್ಲಿ ಕಟ್ಟಿದರು. ಅಷ್ಟು ವರ್ಷ ತಾನಾಗಿ ಇಳಿದು ತಾನಾಗಿ ಹತ್ತುತ್ತಿದ್ದ ಜಾಗ. ಮೊದಲ ದಿನ ಅದು ಏನೆಂದು ತಿಳಿಯದೆ ಸುಮ್ಮನಿತ್ತು. ಆಮೇಲೆ ಅಪ್ಪ ಊಟಕ್ಕೆಂದು ಎದ್ದಾಗ ತಾನೂ ಎದ್ದು ಹತ್ತಹೋಗಿ ಹಗ್ಗ ಜಗ್ಗಿ ಬಿತ್ತು. ದಿನವೂ ಅವ್ವ ಟಿಂಚರು ಹಚ್ಚಲು ಇಳಿಯುವಳು, ಉರಿಗೆ ಅದು ನಡುಗುವುದು, ಅಪ್ಪ ಅದರ ತಲೆ ಹಿಡಿಯುವರು. ಮೇಲೆ ಹೊಸ ಹಾಸು ಹೂಡಿದ್ದಾಗಿತ್ತು. ನಾನು ಎಂದಿನಂತೆ ಮಲಗಿ ಇಣುಕಿದರೆ ಬಿಗಿದ ಎಳೆಗಳ ಆಚೆಯಿಂದ ಬೂದ ನನ್ನನ್ನು ನೋಡುತ್ತಿತ್ತು. ಅಷ್ಟು ನವಿರಾದ ಎಳೆಗಳು, ಬೆರಳು ತಾಗಿದರೆ ಕಿತ್ತುಹೋಗುವಂಥವು. ಕೆಳಗಿನಿಂದ ನೋಡುವವರಿಗೆ ಅವು ಕಂಬಿಗಳೇ. ಆ ದಿನಗಳಲ್ಲಿ ನಾನು ಸ್ಕೂಲಿನಿಂದ ಬಂದು ಪುಸ್ತಕ ಹಿಡಿದು ಅಲ್ಲೇ ಕೂರುತ್ತಿದ್ದೆ. ಎದ್ದುಹೋದರೆ ಬೂದನ ಕಣ್ಣು ಬೆನ್ನಿಗೆ ಹತ್ತಿಕೊಂಡು ಬರುತ್ತಿತ್ತು.

ಗಾಯ ಮಾಯಿತು. ಅಪ್ಪ ಗುಂಡಿಗಿಳಿದು ಹಗ್ಗ ಬಿಚ್ಚಿದರು. ಬೂದ ಮೈಕೊಡವಿ, ಒಂದೇ ನೆಗೆತಕ್ಕೆ ಮೇಲೆ ಬಂದು, ಬಾಗಿಲು ದಾಟಿ ಬೀದಿಗೆ ಓಡಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಬೀದಿಯ ಮಕ್ಕಳೂ ಕೂಗಿದರು. ಬಾಲ ಅಲ್ಲಾಡಿಸುತ್ತಾ ಹಿಂದಿರುಗಿ ಬಂದು ಅನ್ನ ತಿಂದಿತು, ನನ್ನ ಕೈ ನೆಕ್ಕಿತು, ಅಪ್ಪನ ಸುತ್ತ ಕುಣಿಯಿತು. ಅಪ್ಪ ಗುಂಡಿಗೆ ಕಾಲು ಇಳಿಸಿದಾಗ ಮಾತ್ರ ಅದು ಇಳಿಯಲಿಲ್ಲ. ಹೊರಗೆ ಹೋಗಿ ಜಗಲಿಯ ಮೇಲೆ ಮಲಗಿತು. ಮರುದಿನವೂ ಜಗಲಿ. ಅಪ್ಪ ‘ಬಾರಲೇ ಬೂದ’ ಎಂದು ಕರೆದರೆ ಹೊಸ್ತಿಲವರೆಗೆ ಬಂದು ನಿಲ್ಲುವುದು, ಗುಂಡಿಯನ್ನು ನೋಡುವುದು, ಕಿವಿ ಹಿಂದಕ್ಕೆ ಮಾಡಿ ತಿರುಗಿಹೋಗುವುದು. ಒಂದು ಭಾನುವಾರ ಅವರು ಮಾಂಸದ ಮೂಳೆಯೊಂದನ್ನು ಗುಂಡಿಯಲ್ಲಿಟ್ಟು ಕಾದರು. ಮೂಳೆಗೆ ಇರುವೆ ಮುತ್ತಿತು. ಸೆಕೆಗಾಲ ಬಂದು ಜಗಲಿಯ ಕಲ್ಲು ಕಾದು ಸುಡುವಾಗಲೂ ಬೂದ ಎದುರುಮನೆಯ ಬೇವಿನ ನೆರಳು ಹುಡುಕಿಕೊಂಡು ಹೋಯಿತೇ ಹೊರತು ಆ ತಂಪಿಗೆ ಇಳಿಯಲಿಲ್ಲ.

ಇದಾದ ಮೇಲೆ, ನೂಲು ಕೊಟ್ಟು ನೇಯಿಸಿಕೊಳ್ಳುತ್ತಿದ್ದ ಸಾಹುಕಾರರಿಂದ ಒಂದು ಸೀರೆ ವಾಪಸು ಬಂತು. ಅಪ್ಪನ ಕೈಯ ಸೀರೆ ಎಂದೂ ವಾಪಸು ಬಂದದ್ದಿಲ್ಲ. ಈರುಳ್ಳಿ ಬಣ್ಣದ ಒಡಲು, ಜರಿ ಅಂಚು. ಬೆಳಕಿಗೆ ಹಿಡಿದರೆ ಒಡಲಿನಲ್ಲಿ ಅಲ್ಲಲ್ಲಿ ಅಡ್ಡ ಹಾಯುವ ಹೊಕ್ಕಿನ ಎಳೆ ಹಾಸಿನೊಳಗೆ ಹೋಗದೆ ಮೇಲೆಯೇ ತೇಲಿತ್ತು. ಎಡಗಡೆಯ ಹಲಗೆಯನ್ನು ಅಪ್ಪ ಪೂರ್ತಿ ತುಳಿದಿರಲಿಲ್ಲ. ಬೂದ ಅಲ್ಲಿಲ್ಲದಿದ್ದರೂ ಪಾದ ಮಾತ್ರ ಅದರ ಬೆನ್ನನ್ನು ಬಳಸಿಯೇ ಹೋಗುತ್ತಿತ್ತು. ಅದು ಮಲಗಿದ್ದಾಗ ಒಮ್ಮೆಯೂ ತಪ್ಪದ ಕಾಲು, ಬರಿದಾದ ಜಾಗವನ್ನು ಬಳಸಲು ಹೋಗಿ ತಪ್ಪಿತ್ತು. ಸಾಹುಕಾರರು ಸೀರೆ ಬಿಚ್ಚಿ ತೋರಿಸಿ, ‘ಏನಪಾ, ಕಣ್ಣು ಮಂದ ಆದ್ವೇನು?’ ಎಂದರು. ‘ಕಣ್ಣಲ್ಲ ಸಾಹುಕಾರ್ರೆ, ಕಾಲು’ ಎಂದರು ಅಪ್ಪ. ಅವರಿಗೆ ಅರ್ಥವಾಗಲಿಲ್ಲ, ಅಪ್ಪ ಬಿಡಿಸಿ ಹೇಳಲೂ ಇಲ್ಲ. ಆ ಸೀರೆ ಅವ್ವನಿಗಾಯಿತು. ಈಗಲೂ ನಮ್ಮ ಬೀರುವಿನಲ್ಲಿದೆ.

ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಗಂಟು ಮತ್ತೆ ಬಂತು, ಈ ಸಲ ಎರಡು ಕಡೆ. ಅಪ್ಪ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು, ಆಸ್ಪತ್ರೆಯ ಮಾತೆತ್ತಲಿಲ್ಲ. ಕೊನೆಯ ದಿನ ಬೂದ ಜಗಲಿಯಿಂದ ಎದ್ದು, ಹೊಸ್ತಿಲು ದಾಟಿ, ನಿಧಾನಕ್ಕೆ ಗುಂಡಿಯ ಅಂಚಿಗೆ ಬಂದು ನಿಂತಿತು. ಅಪ್ಪ ಸೆರಗಿನ ಕೆಲಸದಲ್ಲಿದ್ದರು, ಅತಿ ಸೂಕ್ಷ್ಮದ ಕೆಲಸ, ಬೇರೆಯವರಾದರೆ ಉಸಿರು ಕೂಡ ಹಿಡಿದುಕೊಳ್ಳುವಂಥದ್ದು. ಬೂದ ಒಳಗೆ ನೋಡಿತು, ಮುಂಗಾಲು ಅಂಚಿನ ಮೇಲಿಟ್ಟಿತು, ತೆಗೆಯಿತು. ಇಳಿಯಲು ಅದರಿಂದ ಆಗಲಿಲ್ಲವೋ, ಮನಸ್ಸೇ ಬರಲಿಲ್ಲವೋ. ಅಪ್ಪ ಲಾಳಿಯನ್ನು ಎಳೆಗಳ ನಡುವೆಯೇ ಬಿಟ್ಟು, ಗುಂಡಿಯಿಂದ ಕಾಲೆತ್ತಿ ಮೇಲೆ ಬಂದು ನೆಲದ ಮೇಲೆ ಕೂತರು. ಕೊಯ್ಯದ ಸೀರೆ ಮಗ್ಗದ ಮೇಲಿರುವಾಗ ಹಾಗೆ ಲಾಳಿ ಬಿಟ್ಟು ನಡುವೆ ಎದ್ದವರನ್ನು ನಮ್ಮ ಮನೆಯಲ್ಲಿ ನಾನು ನೋಡಿದ್ದು ಅದೊಂದೇ ಸಲ. ಬೂದ ಅವರ ಪಾದದ ಮೇಲೆ ಗದ್ದವಿಟ್ಟು ಮಲಗಿತು. ರಾಟೆಯೂ ನಿಂತಿತು. ಎರಡೂ ಸದ್ದು ನಿಂತದ್ದನ್ನು ಕೇಳಿ ಆ ಸಂಜೆ ಬೀದಿಯವರು ಏನಾಯಿತು ಎಂದು ಕೇಳಿಕೊಂಡು ಬಂದರು. ದೀಪ ಹಚ್ಚುವ ಹೊತ್ತಿಗೆ ಬೂದನ ಉಸಿರು ನಿಂತಿತ್ತು.

ಅಜ್ಜಿ ಹೋದಳು, ಅಪ್ಪ ಹೋದರು. ಮನೆ ಬೇರೆಯವರ ಕೈಗೆ ಹೋಯಿತು, ಅವ್ವ ನನ್ನ ಜೊತೆ ಬಂದಳು. ಒಮ್ಮೆ ಮದುವೆಗೆಂದು ಮೊಳಕಾಲ್ಮುರಿಗೆ ಹೋದಾಗ ನೋಡಿಕೊಂಡು ಬರೋಣವೆಂದು ಆ ಬೀದಿಗೆ ಹೋಗಿದ್ದೆ. ಮುಂಗೋಣೆಗೆ ಷಟರ್ ಬಂದಿದೆ, ಗುಂಡಿಗೆ ಕಲ್ಲು ಮಣ್ಣು ತುಂಬಿ, ಮೇಲೆ ನುಣ್ಣನೆ ಟೈಲ್ಸ್ ಹಾಕಿದ್ದಾರೆ. ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಹುಡುಗಿ ಝೆರಾಕ್ಸ್ ತೆಗೆಯುತ್ತಿದ್ದಳು. ಅವಳ ಕಾಲ ಕೆಳಗೆ ಏನಿತ್ತೆಂದು ಹೇಳಬೇಕೆನಿಸಿತು. ಹೇಳದೆ, ಬ್ಯಾಗಿನಲ್ಲಿದ್ದ ಯಾವುದೋ ಕಾಗದಕ್ಕೆ ಎರಡು ಪ್ರತಿ ತೆಗೆಸಿಕೊಂಡು ಬಂದೆ.

ಇಷ್ಟೆಲ್ಲ ಇವತ್ತು ಟಿಂಚರಿನ ಬಾಟಲಿ ಹಿಡಿದು ಕೂತಲ್ಲೇ ಕಣ್ಣ ಮುಂದೆ ಹಾದುಹೋಯಿತು. ಉತ್ತರ ಸಿಕ್ಕಿತು ಎಂದುಕೊಂಡು, ಅಕ್ಕಿ ಆರಿಸುತ್ತಿದ್ದ ಅವ್ವನ ಮುಂದೆ ಹೋಗಿ ಕೂತು, ಬೂದನನ್ನು ಅಂದು ಕುಯ್ಯಿಸಬಾರದಿತ್ತು ಅಲ್ಲವಾ ಎಂದು ಕೇಳಿದೆ. ಅವ್ವ ಮೊರದಿಂದ ಕಣ್ಣೆತ್ತಲಿಲ್ಲ. ‘ನಿನಗೆ ಗುಂಡಿ ಒಂದೇ ನೆನಪೈತೆ. ಜಗಲಿ ಮ್ಯಾಗೆ ಎಳೇ ಬಿಸಿಲು ಕಾಯ್ಕಂಡು ಮಲಗ್ತಿತ್ತು, ನೀನು ಸ್ಕೂಲಿಂದ ಬರೋ ದಾರಿಗೆ ಓಡಿ ಬರ್ತಿತ್ತು. ಅವೂ ದಿನಾನೇ ಕಣೆ. ಕುಯ್ಯಿಸದಿದ್ರೆ ಅವು ಎಲ್ಲಿರ್ತಿದ್ವು?’ ಎಂದಳು. ಆಮೇಲೆ ಒಂದು ಕಲ್ಲು ಹೆಕ್ಕಿ ಎಸೆದು, ‘ನಿಮ್ಮಪ್ಪನೂ ಹೇಳ್ಲಿಲ್ಲ, ಮಾಡ್ಸಿದ್ದು ಸರಿ ಅಂತನೂ ಹೇಳ್ಲಿಲ್ಲ, ತಪ್ಪು ಅಂತನೂ ಹೇಳ್ಲಿಲ್ಲ’ ಎಂದಳು. ನನ್ನ ಕೋಣೆಯಲ್ಲಿ ಕಂಡ ಒಂದು ಕಿಟಕಿಯೂ ಮುಚ್ಚಿತು.

ಸಂಜೆ ನಮ್ಮನೆಯವರು ಅಂಗಡಿ ಬೇಗ ಮುಚ್ಚಿಕೊಂಡು ಬಂದರು. ಚುಕ್ಕಿ ಕುಂಟುತ್ತಾ ಹೋಗಿ ಸ್ಕೂಟರಿನ ಪಕ್ಕ ನಿಂತಳು, ಹತ್ತಲಾಗದೆ ಅವರ ಮುಖ ನೋಡಿದಳು. ಅವರು ಅವಳನ್ನು ಮಗುವಿನಂತೆ ಎತ್ತಿ ನಿಲ್ಲಿಸಿಕೊಂಡು, ನಡೆಯುವಷ್ಟೇ ನಿಧಾನಕ್ಕೆ ಬೀದಿಯ ಕೊನೆಯವರೆಗೆ ಒಂದು ಸುತ್ತು ಹೊಡೆಸಿದರು. ನೋಯುವ ಕಾಲನ್ನು ಮೇಲಕ್ಕೆತ್ತಿ, ಮೈಯನ್ನು ಪೂರ್ತಿ ಅವರ ಮೊಣಕಾಲಿಗೆ ಒರಗಿಸಿ, ಮೂತಿಯನ್ನು ಗಾಳಿಗೆ ಚಾಚಿ ನಿಂತಿದ್ದಳು. ಇಳಿಸಿದ ಮೇಲೆ ಅವರು ನನ್ನ ಕಡೆ ನೋಡದೆ, ‘ಮೂರು ಕಾಲಲ್ಲೂ ನಿಂತ್ಕಂಡ್ಲು ನೋಡು’ ಎಂದರು. ಅಲ್ಲಿಯವರೆಗೆ ಏನನ್ನೂ ಬೇಡದಿದ್ದ ಮನುಷ್ಯ ಆ ಒಂದು ಮಾತಿನಲ್ಲಿ ಮಾಡಿಸೋಣವೆಂದು ಬೇಡಿದ್ದರು. ಹೌದು, ನಿಂತಿದ್ದಳು. ಆದರೆ ಮೂರು ಕಾಲು ಸಾಕಾದದ್ದು ಒರಗಲು ಅವರ ಮೊಣಕಾಲಿದ್ದುದರಿಂದ. ಬೆಂಗಳೂರಿನ ಗೂಡಿನಲ್ಲಿ ಕಂಬಿ ಇರುತ್ತದೆ, ಆ ಮೊಣಕಾಲು ಇರುವುದಿಲ್ಲ. ಎದೆಯಲ್ಲಿ ಆ ನೆರಳು ಇಲ್ಲದಿದ್ದರೆ ಕಳಿಸುತ್ತಿದ್ದೆನೋ ಏನೋ, ಬರುವ ದಿನಗಳ ಆಸೆಗೆ ಈ ದಿನಗಳನ್ನು ಕೊಡುತ್ತಿದ್ದೆ. ಅವ್ವ ಹೇಳಿದ ಜಗಲಿಯ ದಿನಗಳನ್ನೂ ನಾನು ಮರೆತಿರಲಿಲ್ಲ. ಅವನ್ನು ಚುಕ್ಕಿಗೆ ಇಲ್ಲವಾಗಿಸುತ್ತಿದ್ದೇನೆ ಎಂದು ತಿಳಿದೇ ಫೋನು ಎತ್ತಿಕೊಂಡೆ.

ಬೆಂಗಳೂರಿಗೆ ಬೇಡ ಸಾರ್, ನೋವಿನ ಮಾತ್ರೆ ಬರೆದುಕೊಡಿ ಎಂದೆ. ಡಾಕ್ಟರು, ಸರಿ ಅಮ್ಮ, ನಾಳೆ ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ಮೊದಲು ಕೊಟ್ಟ ಮಾತ್ರೆಯನ್ನೇ ಕೊಡಿ ಎಂದರು. ನಮ್ಮನೆಯವರು ಅಂಗಳದಲ್ಲಿ ಒರೆಸಿದ ಸ್ಕೂಟರನ್ನೇ ಮತ್ತೆ ಒರೆಸುತ್ತಿದ್ದರು. ‘ಹೇಳಿದ್ಯಾ?’ ಎಂದರು. ‘ಹೇಳಿದೆ’ ಎಂದೆ. ಏನು ಹೇಳಿದೆ ಎಂದು ಕೇಳಲಿಲ್ಲ, ಕೇಳಿಸಿಕೊಂಡಿದ್ದರು. ಹೇಳಿಬಿಟ್ಟರೆ ಹಗುರಾಗುತ್ತೇನೆ ಎಂದುಕೊಂಡಿದ್ದೆ, ಆಗಲಿಲ್ಲ. ಕೋಣೆ ಅದೇ. ಈಗ ಅವರೂ ಒಳಗೆ ಬಂದು ನನ್ನ ಪಕ್ಕ ಕೂತಿದ್ದಾರೆ, ಅಷ್ಟೇ.

ರಾತ್ರಿಗೆ ರಾಗಿ ಮುದ್ದೆ, ಹುರುಳಿ ಸಾರು, ಬೆಳಿಗ್ಗೆ ಹುರಿದಿಟ್ಟ ಶೇಂಗಾದ ಚಟ್ನಿಪುಡಿ. ಅವ್ವ ಅರ್ಧ ಮುದ್ದೆ ಉಂಡಳು. ಚುಕ್ಕಿಗೆ ಮಜ್ಜಿಗೆ ಅನ್ನ, ಮಾತ್ರೆಯನ್ನು ಮುದ್ದೆಯ ಚೂರಿನಲ್ಲಿ ಅಡಗಿಸಿ ಕೊಟ್ಟೆ, ಅನುಮಾನಪಡದೆ ನುಂಗಿದಳು. ಎಲ್ಲರಿಗಿಂತ ಮೊದಲು ಮಲಗಿದವಳೂ ಅವಳೇ, ಊಟಕ್ಕೆ ಕೂತಿದ್ದ ನಮ್ಮನೆಯವರ ಎಡಗಾಲಿನ ಮೇಲೆ ಗದ್ದವಿಟ್ಟುಕೊಂಡು. ಅವರು ತಟ್ಟೆಯಲ್ಲೇ ಕೈ ತೊಳೆದುಕೊಂಡರು. ನಾನು ಸುತ್ತಲೂ ಒರೆಸಿ, ಪಾತ್ರೆ ಎತ್ತಿಟ್ಟು ಬಂದರೂ ಹಾಗೆಯೇ ಕೂತಿದ್ದರು.

‘ಕಾಲು ಜೋಮು ಹಿಡೀತು ಕಣೆ’ ಎಂದರು.

ತೆಗೀರಿ ಎಂದೆ. ತೆಗೆಯಲಿಲ್ಲ.